ಕೊನೆಯ ಗೆರೆಯ ಆಟಗಾರ: ಸೆರ್ಜ್ ಬ್ಲಾಂಕೊ ಬದುಕು ಮತ್ತು ಆಟ



ಕ್ರೀಡೆಗೂ ಸಮಾಜಕ್ಕೂ ಇರುವ ನಂಟನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ದಾನಿಗಳ ಆಶಯ. ಹಾಗೆಂದ ಕೂಡಲೇ ಕ್ರಿಕೆಟ್ಟೋ ಹಾಕಿಯೋ ನೆನಪಾಗುವುದು ಸಹಜ. ನಾನು ಮಾತ್ರ ಇಲ್ಲಿ ಕೂತವರಲ್ಲಿ ಹೆಚ್ಚಿನವರು ನೋಡಿರದ ಆಟವನ್ನು, ಹೆಸರು ಕೇಳಿರದ ಆಟಗಾರರನ್ನು ಆರಿಸಿಕೊಂಡಿದ್ದೇನೆ. ಆಟ ರಗ್ಬಿ, ಆಟಗಾರ ಫ್ರಾನ್ಸಿನ ಸೆರ್ಜ್ ಬ್ಲಾಂಕೊ.

1980ರಿಂದ 1991ರವರೆಗೆ ಫ್ರಾನ್ಸಿನ ಪರ ಅವರು 93 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು, 38 ಟ್ರೈ (ಎದುರಾಳಿಯ ಗೆರೆ ದಾಟಿ ಪಡೆಯುವ ಅಂಕ) ಗಳಿಸಿದರು. ಅವರು ನಿವೃತ್ತರಾದಾಗ ಅಷ್ಟು ಅಂತರರಾಷ್ಟ್ರೀಯ ಪಂದ್ಯ ಆಡಿದ ರಗ್ಬಿ ಆಟಗಾರ ಜಗತ್ತಿನಲ್ಲಿ ಇನ್ನೊಬ್ಬರಿರಲಿಲ್ಲ. ಪಂದ್ಯಗಳ ಲೆಕ್ಕದಲ್ಲಿ ಜೊತೆಗಾರ ಫಿಲಿಪ್ ಸೆಲ್ಲಾ ಕೆಲವೇ ವರ್ಷಗಳಲ್ಲಿ ಅವರನ್ನು ಹಿಂದೆ ಹಾಕಿದರು. ಆದರೆ 38 ಟ್ರೈಗಳ ಫ್ರೆಂಚ್ ದಾಖಲೆಯನ್ನು ಮೂರು ದಶಕ ಯಾರೂ ಸರಿಗಟ್ಟಲಿಲ್ಲ. ಡಾಮಿಯನ್ ಪೆನೊ ಅದನ್ನು ಮುಟ್ಟಿದ್ದು 2025ರಲ್ಲಿ.

ಈ ಅಂಕಿಗಳಿಗಾಗಿ ನಾನು ಬ್ಲಾಂಕೊ ಅವರನ್ನು ಆರಿಸಿಕೊಂಡಿಲ್ಲ. ಅವರು ಆಡುತ್ತಿದ್ದ ಕಾಲದಲ್ಲಿ ರಗ್ಬಿ ಆಡಿ ದುಡ್ಡು ಪಡೆಯುವುದು ನಿಯಮಕ್ಕೆ ವಿರುದ್ಧವಾಗಿತ್ತು. ಅವರು ಕ್ಲಬ್ಬಿನ ಆಟವನ್ನೂ ಮುಗಿಸಿ ಬೂಟು ಕಳಚಿ ಮೂರು ವರ್ಷ ದಾಟುತ್ತಲೇ ಆ ನಿಯಮವೇ ಬಿದ್ದುಹೋಯಿತು. ಮತ್ತೆ ಮೂರು ವರ್ಷಕ್ಕೆ ಫ್ರಾನ್ಸಿನಲ್ಲಿ ಸಂಬಳದ ಆಟಗಾರರ ಲೀಗು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಇದೇ ಬ್ಲಾಂಕೊ. ಒಂದೇ ಬದುಕು ಎರಡು ವ್ಯವಸ್ಥೆಗಳಲ್ಲಿ ಹಾದುಹೋಯಿತು, ಎರಡರಲ್ಲೂ ಮುಂಚೂಣಿಯಲ್ಲಿ.

ಅವರ ಆಟವನ್ನು ಹೊಗಳಿದವರೆಲ್ಲ ಬಳಸುವುದು ಧೈರ್ಯ, ಸಾಹಸ, ಸ್ವಚ್ಛಂದ ಎಂಬ ಮಾತುಗಳನ್ನೇ. ನನ್ನ ವಾದ ಇಷ್ಟು: ಆ ಸ್ವಚ್ಛಂದ ಒಬ್ಬರ ಮೈಯಲ್ಲಿ ಹುಟ್ಟಿದ್ದು ನಿಜ, ಆದರೆ ಅದು ನಿಂತದ್ದು ಒಂದು ಊರಿನ, ಒಂದು ಕೆಲಸದ, ಒಂದು ತಂಡದ ಆಸರೆಯ ಮೇಲೆ. ಸೋತರೂ ಊಟಕ್ಕೆ ಕುತ್ತಿಲ್ಲ, ಮುಂದಿನ ವಾರವೂ ಜೆರ್ಸಿ ತಪ್ಪುವುದಿಲ್ಲ ಎಂಬ ನೆಮ್ಮದಿ ಇದ್ದವರು ತೆಗೆದುಕೊಳ್ಳುವ ಅಪಾಯವೇ ಬೇರೆ. ಆ ಆಸರೆ ಹೇಗಿತ್ತು, ಅದಕ್ಕೆ ಏನಾಯಿತು ಎಂಬುದನ್ನು ಅವರ ಬದುಕಿನಲ್ಲೇ ನೋಡೋಣ.

1. ಆಟ ಮತ್ತು ಹದಿನೈದನೆಯ ಜೆರ್ಸಿ

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಒಂದು ಕಡೆಗೆ ಹದಿನೈದು ಮಂದಿ, ಎಂಬತ್ತು ನಿಮಿಷದ ಪಂದ್ಯ, ಗೋಲು ಗೆರೆಯಿಂದ ಗೋಲು ಗೆರೆಗೆ ಸುಮಾರು ನೂರು ಮೀಟರ್. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತಿದರೆ ಟ್ರೈ. ಬ್ಲಾಂಕೊ ಕಾಲದಲ್ಲಿ ಟ್ರೈಗೆ ನಾಲ್ಕು ಅಂಕ; ಅದರ ಬೆನ್ನಿಗೆ ಸಿಗುವ ಒದೆತವನ್ನು ಎರಡು ಕಂಬಗಳ ನಡುವೆ ಹಾಯಿಸಿದರೆ ಇನ್ನೆರಡು. ಆಟದ ಸೊಗಸೂ ಸಂಕಟವೂ ಇರುವುದು ಒಂದೇ ನಿಯಮದಲ್ಲಿ: ಆಟಗಾರ ಮುಂದಕ್ಕೆ ಓಡಬಹುದು, ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಆದ್ದರಿಂದ ಒಬ್ಬ ನುಗ್ಗಿದಾಗ ಉಳಿದವರು ಅವನ ಹಿಂದೆ ಹಿಂದೆಯೇ ಓಡುತ್ತಿರಬೇಕು. ಬೆನ್ನಿಗೆ ಯಾರೂ ಇಲ್ಲದ ಓಟಗಾರ ಎಷ್ಟೇ ವೇಗಿಯಾದರೂ ನಾಲ್ಕು ಜನರ ಕೆಳಗೆ ಬೀಳುತ್ತಾನೆ.

ಈ ಆಟ ಬ್ರಿಟಿಷರ ಜೊತೆ ಭಾರತಕ್ಕೂ ಬಂದಿತ್ತು. ಕಲ್ಕತ್ತೆಯಲ್ಲಿ ರಗ್ಬಿ ಆಡುತ್ತಿದ್ದ ಕ್ಲಬ್ಬೊಂದು 1878ರಲ್ಲಿ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿತು. ಹಿಡಿಕೆಗಳಿಗೆ ಮೂರು ನಾಗರಗಳು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ವರ್ಷವರ್ಷವೂ ಆಡುವುದು ಆ ಕಲ್ಕತ್ತಾ ಕಪ್ಪಿಗಾಗಿ.

ಹದಿನೈದು ಜನರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು ಫುಲ್‌ಬ್ಯಾಕ್. ಬೆನ್ನ ಮೇಲೆ 15 ಎಂಬ ಅಂಕಿ. ಎದುರಾಳಿ ಎತ್ತರಕ್ಕೆ ಒದ್ದ ಚೆಂಡನ್ನು ಹಿಡಿಯುವುದು, ಹದಿನಾಲ್ಕು ಜನರನ್ನೂ ದಾಟಿ ಬಂದವನನ್ನು ಕೆಡವುವುದು, ಇಕ್ಕಟ್ಟಾದಾಗ ಚೆಂಡನ್ನು ಮೈದಾನದಾಚೆ ಒದ್ದು ತಂಡಕ್ಕೆ ಉಸಿರು ಕೊಡುವುದು ಅವನ ಕೆಲಸ. ಅವನ ಹಿಂದೆ ಗೋಲು ಗೆರೆ ಬಿಟ್ಟರೆ ಇನ್ನೇನೂ ಇಲ್ಲ. ಹೀಗಾಗಿ ಈ ಜಾಗಕ್ಕೆ ಕೋಚ್‌ಗಳು ಹುಡುಕುತ್ತಿದ್ದುದು ತಪ್ಪು ಮಾಡದ, ಲೆಕ್ಕ ಬಲ್ಲ ಆಟಗಾರನನ್ನು. ಬ್ಲಾಂಕೊ ತಮ್ಮ 93 ಪಂದ್ಯಗಳಲ್ಲಿ 81ನ್ನು ಆಡಿದ್ದು ಈ ಜಾಗದಲ್ಲಿ, ಉಳಿದ ಹನ್ನೆರಡನ್ನು ಅಂಚಿನ ವಿಂಗ್‌ನಲ್ಲಿ. ತಡೆಯುವ ಜಾಗದಲ್ಲಿ ನಿಂತು ಅಷ್ಟು ಟ್ರೈ ಗಳಿಸಿದವರು ಅಪರೂಪ. ಎಲ್ಲರೂ ಚೆಂಡನ್ನು ಒದೆಯುವ ಹೊತ್ತಿಗೆ ಅವರು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದರು. ಪತ್ರಿಕೆಗಳು ಅವರನ್ನು ರಗ್ಬಿಯ ಪೆಲೆ ಎಂದು ಕರೆದದ್ದು ಇದಕ್ಕೇ.

2. ಕರಾಕಸ್‌ನಿಂದ ಬಿಯಾರಿಟ್ಜ್‌ಗೆ

ಬ್ಲಾಂಕೊ ಹುಟ್ಟಿದ್ದು 1958ರ ಆಗಸ್ಟ್ 31ರಂದು, ವೆನೆಜುವೆಲಾದ ರಾಜಧಾನಿ ಕರಾಕಸ್‌ನಲ್ಲಿ. ತಂದೆ ಅಲ್ಲಿಯವರು, ತಾಯಿ ಫ್ರಾನ್ಸಿನ ಬಾಸ್ಕ್ ನಾಡಿನವರು. ಮಗು ಎಳೆಯದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮಗುವನ್ನು ಎತ್ತಿಕೊಂಡು ತವರಿಗೆ ಮರಳಿದರು. ಆ ತವರೇ ಬಿಯಾರಿಟ್ಜ್.

ಫ್ರಾನ್ಸಿನ ನೈಋತ್ಯ ತುದಿಯಲ್ಲಿ, ಸ್ಪೇನ್ ಗಡಿಯ ಹತ್ತಿರ, ಅಟ್ಲಾಂಟಿಕ್ ದಂಡೆಯ ಮೇಲಿರುವ ಪೇಟೆ ಇದು. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯವರ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ನೆಪೋಲಿಯನ್ ತನ್ನ ರಾಣಿ ಯೂಜೀನಿಗಾಗಿ ಇಲ್ಲೊಂದು ಅರಮನೆ ಕಟ್ಟಿಸಿದ ಮೇಲೆ ಯುರೋಪಿನ ಶ್ರೀಮಂತರು ಬೇಸಿಗೆ ಕಳೆಯಲು ಬರತೊಡಗಿದರು. ಆ ಅರಮನೆ ಈಗ ಹೋಟೆಲ್. ಆದರೆ ಹೋಟೆಲುಗಳ ಹಿಂದಿನ ಬೀದಿಗಳಲ್ಲಿ ಬೇರೆಯೇ ಊರಿದೆ. ಅಡುಗೆಯವರು, ಮೀನುಗಾರರು, ಕಾರ್ಖಾನೆಯ ಕೆಲಸಗಾರರು ಇರುವ ಊರು. ರಗ್ಬಿ ಆ ಊರಿನದು. ಫ್ರಾನ್ಸಿನ ಉಳಿದ ಭಾಗಕ್ಕೆ ಫುಟ್‌ಬಾಲ್ ಹೇಗೋ ನೈಋತ್ಯದ ಈ ಪಟ್ಟಣಗಳಿಗೆ ರಗ್ಬಿ ಹಾಗೆ.

ಊರಿನ ಕ್ಲಬ್ಬು ಬಿಯಾರಿಟ್ಜ್ ಒಲಿಂಪಿಕ್, 1913ರಲ್ಲಿ ಶುರುವಾದದ್ದು. ಬಣ್ಣ ಕೆಂಪು ಬಿಳಿ, ಮೈದಾನ ಅಗಿಲೆರಾ. 1935 ಮತ್ತು 1939ರಲ್ಲಿ ಫ್ರೆಂಚ್ ಚಾಂಪಿಯನ್ ಆದದ್ದು ಬಿಟ್ಟರೆ ಹೇಳಿಕೊಳ್ಳುವ ಇತಿಹಾಸ ಇರಲಿಲ್ಲ. ಕೆಲವೇ ಕಿಲೋಮೀಟರ್ ದೂರದಲ್ಲಿ ಬಯೋನ್ ಎಂಬ ಇನ್ನೊಂದು ಊರು, ಅಲ್ಲೊಂದು ಹಠದ ಕ್ಲಬ್ಬು. ಎರಡಕ್ಕೂ ಎಣ್ಣೆ ಸೀಗೆಕಾಯಿ. ಬ್ಲಾಂಕೊ ಆಟಗಾರರಾಗಿ ಬೆಳೆದ ಮೇಲೆ ಕೊನೆಯ ಪಂದ್ಯದವರೆಗೆ ಕೆಂಪು ಬಿಳಿ ಜೆರ್ಸಿ ಬಿಟ್ಟು ಬೇರೆ ಕ್ಲಬ್ಬಿನದನ್ನು ತೊಡಲಿಲ್ಲ.

ಹೊಟ್ಟೆಪಾಡಿಗೆ ಅವರು ದುಡಿದದ್ದು ದಸಾಲ್ಟ್ ವಿಮಾನ ಕಾರ್ಖಾನೆಯಲ್ಲಿ. ಮಿರಾಜ್, ರಫೇಲ್ ಯುದ್ಧವಿಮಾನಗಳಿಂದಾಗಿ ನಮಗೆಲ್ಲ ಪರಿಚಿತವಾದ ಅದೇ ದಸಾಲ್ಟ್. ಹಗಲು ಕಾರ್ಖಾನೆ, ಸಂಜೆ ಅಭ್ಯಾಸ, ಭಾನುವಾರ ಪಂದ್ಯ. ಬೆಂಗಳೂರಿನ ಎಚ್‌ಎಎಲ್, ಐಟಿಐ ಕಾರ್ಖಾನೆಗಳೂ ಬ್ಯಾಂಕುಗಳೂ ರೈಲ್ವೆಯೂ ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದನ್ನು ಬಲ್ಲ ನಮಗೆ ಈ ದಿನಚರಿ ಹೊಸದೇನಲ್ಲ. ಪಾಳಿ ಮುಗಿಸಿ ಬಂದು ಸಹಿ ಹಾಕಿ ಮೈದಾನಕ್ಕೆ ಓಡಿದ ಆಟಗಾರರು ನಮ್ಮ ನಡುವೆಯೂ ಇದ್ದರು.

ಆ ಕಾಲದ ರಗ್ಬಿಯನ್ನು ಪರಿಶುದ್ಧ ಹವ್ಯಾಸ ಎಂದು ಹಾಡಿ ಹೊಗಳಲು ನಾನು ಬಂದಿಲ್ಲ. ಫ್ರಾನ್ಸಿನ ಕ್ಲಬ್ಬುಗಳು ಒಳಗಿಂದೊಳಗೆ ಆಟಗಾರರಿಗೆ ದುಡ್ಡು ಕೊಡುತ್ತವೆ, ಪಂದ್ಯಗಳಲ್ಲಿ ಹೊಡೆದಾಟ ವಿಪರೀತ ಎಂಬ ಕಾರಣಕ್ಕೆ ಬ್ರಿಟನ್ ಮತ್ತು ಐರ್ಲೆಂಡಿನ ಸಂಘಗಳು 1931ರಲ್ಲಿ ಫ್ರಾನ್ಸಿನೊಡನೆ ಆಡುವುದನ್ನೇ ನಿಲ್ಲಿಸಿದ್ದವು. ಈ ದೇಶಗಳು ವರ್ಷವರ್ಷವೂ ಆಡುತ್ತಿದ್ದ ಐದು ರಾಷ್ಟ್ರಗಳ ಪಂದ್ಯಾವಳಿಗೆ ಫ್ರಾನ್ಸ್ ಮರಳಿದ್ದು ಯುದ್ಧ ಮುಗಿದ ಮೇಲೆ, 1947ರಲ್ಲಿ. ಆ ಮೇಲೂ ಒಳ್ಳೆಯ ಆಟಗಾರನಿಗೆ ಪುರಸಭೆಯಲ್ಲೊಂದು ನೌಕರಿ, ಪೇಟೆಯಲ್ಲೊಂದು ಹೋಟೆಲು ಹಾಕಿಕೊಡುವ ಪದ್ಧತಿ ಹೋಗಲಿಲ್ಲ. ನಿಯಮ ಒಂದು, ನಡವಳಿಕೆ ಇನ್ನೊಂದು. ಆದರೂ ಒಂದು ಮಾತು ದಿಟ: ಆಟಗಾರನ ಅನ್ನ ಅವನ ಮುಂದಿನ ಪಂದ್ಯದ ಫಲಿತಾಂಶಕ್ಕೆ ಕಟ್ಟಿಹಾಕಿದ್ದಾಗಿರಲಿಲ್ಲ.

3. ಪ್ರಿಟೋರಿಯಾದಲ್ಲಿ ಮೊದಲ ಪಂದ್ಯ

ಬ್ಲಾಂಕೊ ಫ್ರಾನ್ಸಿನ ನೀಲಿ ಜೆರ್ಸಿ ತೊಟ್ಟ ಮೊದಲ ಪಂದ್ಯ ನಡೆದದ್ದು 1980ರ ನವೆಂಬರ್ 8ರಂದು, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಫ್ರಾನ್ಸ್ 37–15ರಿಂದ ಸೋತಿತು. ಆಟದ ಪುಸ್ತಕದಲ್ಲಿ ಇದು ಒಂದು ಸಾಲಿನ ಸುದ್ದಿ. ಕ್ರೀಡೆ ಮತ್ತು ಸಮಾಜದ ಕುರಿತು ಮಾತಾಡುವವರು ಒಂದು ಸಾಲಿಗೆ ಬಿಟ್ಟು ಮುಂದೆ ಹೋಗುವಂತಿಲ್ಲ.

ಅದು ವರ್ಣಭೇದ ಕಾನೂನಾಗಿದ್ದ ದೇಶ. ಯಾವ ಬಣ್ಣದವರು ಯಾವ ಬೀದಿಯಲ್ಲಿ ಮನೆ ಮಾಡಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂಬುದನ್ನು ಸರ್ಕಾರ ನಿರ್ಧರಿಸುತ್ತಿತ್ತು. ಭಾರತ 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್‌ಗೆ ಬಂದು, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟಿತ್ತು. 1977ರಲ್ಲಿ ಕಾಮನ್‌ವೆಲ್ತ್ ದೇಶಗಳು ಆ ದೇಶದೊಡನೆ ಕ್ರೀಡಾಸಂಬಂಧ ಬೆಳೆಸದಿರಲು ಗ್ಲೆನ್‌ಈಗಲ್ಸ್ ಒಪ್ಪಂದ ಮಾಡಿಕೊಂಡವು. ಫ್ರಾನ್ಸ್ ಆ ಒಪ್ಪಂದದಲ್ಲಿ ಇರಲಿಲ್ಲ. ಅದರ ರಗ್ಬಿ ಸಂಘ ತಂಡ ಕಳಿಸಿತು. ಆ ತಂಡದಲ್ಲಿ ಕಂದು ಮೈಬಣ್ಣದ ಇಪ್ಪತ್ತೆರಡರ ಬ್ಲಾಂಕೊ ಇದ್ದರು. ಇಂಥ ಮೊದಲಿಗರು ಅವರೇನಲ್ಲ. 1971ರಲ್ಲಿ ರೋಜೆ ಬೂರ್ಗಾರೆಲ್ ಎಂಬ ಕಪ್ಪು ವಿಂಗ್ ಆಟಗಾರ ಅದೇ ನೆಲದಲ್ಲಿ ಫ್ರಾನ್ಸಿನ ಪರ ಆಡಿದ್ದರು. ಆದರೆ ದಕ್ಷಿಣ ಆಫ್ರಿಕಾದ ಪರ ಬಿಳಿಯನಲ್ಲದ ಆಟಗಾರನೊಬ್ಬ ಟೆಸ್ಟ್ ಆಡಿದ್ದು ಅದಾದ ಹತ್ತು ವರ್ಷಕ್ಕೆ. 1981ರಲ್ಲಿ ಐರ್ಲೆಂಡಿನ ವಿರುದ್ಧ ಎರಲ್ ಟೋಬಿಯಸ್. ಅಂದರೆ ಬ್ಲಾಂಕೊ ಪ್ರಿಟೋರಿಯಾದಲ್ಲಿ ಇಳಿದ ದಿನ, ಆ ಬಣ್ಣದ ಸ್ಥಳೀಯನಿಗೆ ಇನ್ನೂ ದಕ್ಕದ ಟೆಸ್ಟ್ ಪಂದ್ಯ ಹೊರಗಿನಿಂದ ಬಂದವರಿಗೆ ದಕ್ಕಿತ್ತು.

ಆಡಬಾರದಿತ್ತೇ? ತಂಡವನ್ನು ಕಳಿಸಿದ್ದು ಸಂಘದ ತಪ್ಪು ಎಂದೇ ನನ್ನ ಅಭಿಪ್ರಾಯ. ಮೊದಲ ಅವಕಾಶಕ್ಕೆ ಕಾದಿದ್ದ ಕಾರ್ಖಾನೆಯ ಯುವಕನ ತಲೆಗೆ ಅದನ್ನು ಕಟ್ಟುವುದು ನ್ಯಾಯವಲ್ಲ. ಆಟಗಾರನಿಗೆ ಮೈದಾನದಲ್ಲಿ ಎಷ್ಟೇ ಸ್ವಾತಂತ್ರ್ಯವಿರಲಿ, ಯಾವ ಮೈದಾನಕ್ಕೆ ಇಳಿಯಬೇಕೆಂಬುದನ್ನು ನಿರ್ಧರಿಸುವವರು ಬೇರೆ. ಈ ಮಾತು ಅವರ ಬದುಕಿನ ನಂತರದ ಭಾಗಕ್ಕೂ ಬೇಕಾಗುತ್ತದೆ.

4. ಸಿಡ್ನಿಯ ಮೂಲೆ

1981ರಲ್ಲಿ ಜಾಕ್ ಫೂರು ಫ್ರಾನ್ಸಿನ ಕೋಚ್ ಆದರು. ಕುಳ್ಳಗಿನ ದೇಹ, ಸೇನಾಧಿಪತಿಯ ಗತ್ತು. ‘ಪುಟ್ಟ ಕಾರ್ಪೊರಲ್’ ಎಂದು ನೆಪೋಲಿಯನ್ನನ ಅಡ್ಡಹೆಸರನ್ನೇ ಅವರಿಗೂ ಇಟ್ಟಿದ್ದರು. ಅವರ ನಂಬಿಕೆಯೆಲ್ಲ ಭಾರೀ ಮೈಯ ಮುಂಚೂಣಿಯವರ ಮೇಲೆ: ಮೊದಲು ಎದುರಾಳಿಯನ್ನು ಜಜ್ಜಬೇಕು, ಆಮೇಲೆ ಓಟ. ಫ್ರೆಂಚ್ ರಗ್ಬಿ ಎಂದರೆ ಕೈಯಿಂದ ಕೈಗೆ ಹರಿಯುವ ಚೆಂಡು ಎಂದು ನಂಬಿದವರಿಗೆ ಫೂರು ಕಂಡರಾಗುತ್ತಿರಲಿಲ್ಲ. ಆದರೂ ಅದೇ ಫೂರು ತಂಡದಲ್ಲಿ ಬ್ಲಾಂಕೊ ವರ್ಷಗಟ್ಟಲೆ ಆಡಿದರು. 1981 ಮತ್ತು 1987ರಲ್ಲಿ ಐದು ರಾಷ್ಟ್ರಗಳ ಪಂದ್ಯಾವಳಿಯ ನಾಲ್ಕೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಪಡೆದರು. 1986ರ ನವೆಂಬರ್‌ನಲ್ಲಿ ನಾಂಟ್ ನಗರದಲ್ಲಿ ನ್ಯೂಜಿಲೆಂಡನ್ನು 16–3ರಿಂದ ಸೋಲಿಸಿದ ಪಂದ್ಯ ಇವತ್ತಿಗೂ ಅದರ ಒರಟುತನಕ್ಕೆ ಹೆಸರುವಾಸಿ. ಬ್ಲಾಂಕೊ ಗಾಳಿಯಲ್ಲಿ ತೇಲಲಿಲ್ಲ, ಎಂಟು ಮಂದಿ ಕಟ್ಟುಮಸ್ತಾದ ಆಳುಗಳು ಕೆಸರಿನಲ್ಲಿ ಚೆಂಡು ಗೆದ್ದುಕೊಟ್ಟ ಮೇಲೆಯೇ ಓಡಿದರು. ಅವರ ಸೊಗಸಿನ ಹಿಂದೆ ಇದ್ದ ಈ ದುಡಿಮೆಯನ್ನು ಹೊಗಳುಭಟರು ಮರೆಯುತ್ತಾರೆ.

1987ರಲ್ಲಿ ರಗ್ಬಿಯ ಮೊದಲ ವಿಶ್ವಕಪ್ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ ನಡೆಯಿತು. ಜೂನ್ 13, ಸಿಡ್ನಿಯ ಕಾಂಕರ್ಡ್ ಓವಲ್, ಸೆಮಿಫೈನಲ್. ಎದುರಾಳಿ ಆಸ್ಟ್ರೇಲಿಯಾ, ತವರು ನೆಲ, ಗೆಲ್ಲುತ್ತದೆಂದು ಹೆಚ್ಚಿನವರು ನಂಬಿದ್ದ ತಂಡ. ಮುನ್ನಡೆ ಅತ್ತಿಂದಿತ್ತ ಹೊರಳುತ್ತ ಹೋಗಿ ಕೊನೆಯ ನಿಮಿಷಗಳಿಗೆ 24–24.

ಆ ಕೊನೆಯ ದಾಳಿಯನ್ನು ಹತ್ತಿರದಿಂದ ನೋಡಿ. ಚೆಂಡು ನೇರವಾಗಿ ಎಲ್ಲಿಗೂ ಹೋಗುವುದಿಲ್ಲ. ಒಬ್ಬ ಓಡುತ್ತಾನೆ, ಸಿಕ್ಕಿಬೀಳುತ್ತಾನೆ, ಬೀಳುವ ಮೊದಲೇ ಕೊಡುತ್ತಾನೆ. ಮುಂದಕ್ಕೆ ಒದ್ದ ಚೆಂಡು ಪುಟಿದು ಮತ್ತೆ ಫ್ರಾನ್ಸಿನವರ ಕೈಗೇ ಬರುತ್ತದೆ. ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಆಟ ಹೊರಳುತ್ತದೆ. ಮುಂಚೂಣಿಯ ದಪ್ಪ ಆಳುಗಳೂ ಹಿಂಬದಿಯ ಓಟಗಾರರೂ ಕಲಸಿಹೋಗಿದ್ದಾರೆ. ಯಾರ ಜಾಗ ಯಾವುದೆಂಬುದು ಅಳಿಸಿದೆ. ಕೊನೆಗೆ ಲೊರಾಂ ರೊಡ್ರಿಗೇಸ್ ಕೈಯಿಂದ ಚೆಂಡು ಎಡಕ್ಕೆ ಬರುತ್ತದೆ. ಎಲ್ಲರಿಗಿಂತ ಹಿಂದೆ ಇರಬೇಕಾದ ಬ್ಲಾಂಕೊ ಅಲ್ಲಿದ್ದಾರೆ. ಮುಂದೆ ಮೈದಾನದ ಮೂಲೆ, ಮೂಲೆಯಲ್ಲಿ ಬಾವುಟ, ಅಡ್ಡಲಾಗಿ ನುಗ್ಗಿ ಬರುತ್ತಿರುವ ಆಸ್ಟ್ರೇಲಿಯಾದ ಟಾಮ್ ಲಾಟನ್. ಎಂಬತ್ತು ನಿಮಿಷ ಆಡಿದ ಕಾಲುಗಳು. ಲಾಟನ್ ಮೈಮೇಲೆ ಬೀಳುವಷ್ಟರಲ್ಲಿ ಬ್ಲಾಂಕೊ ಚೆಂಡಿನೊಡನೆ ಗೆರೆಯಾಚೆ ಜಾರಿದ್ದರು. ಡಿಡಿಯೆ ಕಾಂಬೆರಾಬೆರೊ ಅಂಚಿನಿಂದ ಒದ್ದ ಕಷ್ಟದ ಚೆಂಡೂ ಕಂಬಗಳ ನಡುವೆ ಹಾಯಿತು. 30–24.

ಗಮನಿಸಬೇಕಾದ್ದು ಆ ಓಟದ ವೇಗವನ್ನಲ್ಲ. ಸ್ಕೋರು ಸಮನಾಗಿದೆ, ಕಾಲ ಮುಗಿಯುತ್ತ ಬಂದಿದೆ, ಇನ್ನೊಂದು ತಪ್ಪಾದರೆ ಎದುರಾಳಿಗೆ ಗೆಲುವು. ಲೆಕ್ಕ ಬಲ್ಲ ಫುಲ್‌ಬ್ಯಾಕ್ ಆ ಹೊತ್ತಿಗೆ ತನ್ನ ಜಾಗದಲ್ಲಿ ಕಾವಲಿರುತ್ತಾನೆ. ಬ್ಲಾಂಕೊ ಕಾವಲು ಬಿಟ್ಟು ಬಂದಿದ್ದರು, ಮತ್ತು ಬರುತ್ತಾರೆ ಎಂದು ಜೊತೆಗಾರರಿಗೆ ಗೊತ್ತಿತ್ತು.

ಒಂದು ವಾರದ ಬಳಿಕ ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಫೈನಲ್. ಸಿಡ್ನಿಯಲ್ಲಿ ಶಕ್ತಿಯನ್ನೆಲ್ಲ ಸುರಿದುಬಂದ ತಂಡ ನ್ಯೂಜಿಲೆಂಡಿಗೆ 29–9ರಿಂದ ಸೋತಿತು. ಕಪ್ ನ್ಯೂಜಿಲೆಂಡಿನದಾಯಿತು, ಆದರೆ ಆ ವಿಶ್ವಕಪ್ಪಿನ ಮಾತು ಬಂದಾಗ ಫ್ರಾನ್ಸಿನವರು ಮೊದಲು ಹೇಳುವುದು ಸೆಮಿಫೈನಲ್ ಬಗ್ಗೆ.

5. ಟ್ವಿಕೆನಮ್‌ನಲ್ಲಿ ಮೂರು ಟ್ರೈ, ಎರಡಂಕದ ಸೋಲು

1991ರ ಮಾರ್ಚ್ 16. ಲಂಡನ್ನಿನ ಟ್ವಿಕೆನಮ್. ಇಂಗ್ಲೆಂಡ್, ಫ್ರಾನ್ಸ್ ಎರಡೂ ಆ ವರ್ಷದ ಐದು ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಸೋಲದೆ ಬಂದಿದ್ದವು. ಗೆದ್ದವರಿಗೆ ಗ್ರ್ಯಾಂಡ್ ಸ್ಲ್ಯಾಮ್. ಬ್ಲಾಂಕೊ ಈಗ ನಾಯಕ, ವಯಸ್ಸು ಮೂವತ್ತೆರಡು.

ಆರಂಭದಲ್ಲೇ ಇಂಗ್ಲೆಂಡಿನ ಸೈಮನ್ ಹಾಜ್‌ಕಿನ್‌ಸನ್ ಒದ್ದ ಪೆನಾಲ್ಟಿ ಗುರಿ ತಪ್ಪಿ ಫ್ರಾನ್ಸಿನ ಗೋಲು ಗೆರೆಯ ಹಿಂದೆ ಬಿತ್ತು. ಪಿಯರ್ ಬರ್ಬಿಜಿಯೆ ಅದನ್ನು ಹಿಡಿದರು. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದು ಒಂದೇ: ಚೆಂಡನ್ನು ಅಲ್ಲೇ ನೆಲಕ್ಕೆ ತಾಗಿಸಿ, ಇಪ್ಪತ್ತೆರಡು ಮೀಟರ್ ಗೆರೆಗೆ ನಡೆದುಬಂದು, ನಿಧಾನವಾಗಿ ಒದ್ದು ಆಟ ಮುಂದುವರಿಸುವುದು. ಇಂಗ್ಲೆಂಡಿನವರೂ ಬೆನ್ನು ತಿರುಗಿಸಲು ಶುರುಮಾಡಿದ್ದರು. ಬರ್ಬಿಜಿಯೆ ಚೆಂಡನ್ನು ಬ್ಲಾಂಕೊಗೆ ಕೊಟ್ಟರು. ಬ್ಲಾಂಕೊ ತಮ್ಮದೇ ಗೋಲು ಗೆರೆಯ ಹಿಂದಿನಿಂದ ಓಟ ಕಿತ್ತರು. ಅವರಿಂದ ಲಾಫೋನ್, ಲಾಫೋನ್‌ನಿಂದ ಸೆಲ್ಲಾ, ಸೆಲ್ಲಾರಿಂದ ಕಾಂಬೆರಾಬೆರೊ. ಬಲ ಅಂಚಿನಲ್ಲಿ ಕಾಂಬೆರಾಬೆರೊ ಎದುರಾಳಿಯ ತಲೆ ಮೇಲಿಂದ ಚೆಂಡನ್ನು ಮೆಲ್ಲಗೆ ಹಾರಿಸಿ, ತಾವೇ ಹಿಡಿದು, ಮೈದಾನದ ನಡುವಿಗೆ ಒದ್ದರು. ಅಲ್ಲಿಗೆ ಓಡಿ ಬಂದ ಫಿಲಿಪ್ ಸೇಂತ್ ಆಂದ್ರೆ ಅದನ್ನು ಎತ್ತಿಕೊಂಡು ಕಂಬಗಳ ನಡುವೆ ಇಳಿದರು. ಆ ಮೈದಾನದಲ್ಲಿ ಬಿದ್ದ ಅತ್ಯುತ್ತಮ ಟ್ರೈ ಇದೇ ಎಂದು ಇಂಗ್ಲಿಷರೇ ಹೇಳುತ್ತಾರೆ.

ಪಂದ್ಯ ಗೆದ್ದದ್ದು ಮಾತ್ರ ಇಂಗ್ಲೆಂಡ್, 21–19ರಿಂದ. ಫ್ರಾನ್ಸಿಗೆ ಮೂರು ಟ್ರೈ, ಇಂಗ್ಲೆಂಡಿಗೆ ಒಂದೇ ಒಂದು. ಉಳಿದ ಅಂಕಗಳನ್ನು ಅದು ತಾಳ್ಮೆಯಿಂದ, ಒಂದೊಂದೇ ಒದೆತದಿಂದ ಕೂಡಿಹಾಕಿತ್ತು. ಸೊಗಸಾಗಿ ಆಡಿದ ತಂಡ ಸೋತಿತು, ತಪ್ಪು ಮಾಡದ ತಂಡ ಗೆದ್ದಿತು. ಆಟ ಮುಂದೆ ಯಾವ ಕಡೆ ಹೊರಳಲಿದೆ ಎಂಬುದು ಆ ಮಧ್ಯಾಹ್ನವೇ ಕಾಣಿಸಿತ್ತು.

ಅದೇ ವರ್ಷ ಅಕ್ಟೋಬರ್ 19ರಂದು ಪ್ಯಾರಿಸ್‌ನ ಪಾರ್ಕ್ ದೆ ಪ್ರಿನ್ಸ್‌ನಲ್ಲಿ ವಿಶ್ವಕಪ್ ಕ್ವಾರ್ಟರ್‌ಫೈನಲ್, ಎದುರಿಗೆ ಮತ್ತೆ ಇಂಗ್ಲೆಂಡ್. ಎತ್ತರದ ಚೆಂಡು ಹಿಡಿಯುವ ಬ್ಲಾಂಕೊ ಮೇಲೆ ಎರಗುವುದು ಇಂಗ್ಲೆಂಡಿನ ಯೋಜನೆಯಾಗಿತ್ತು. ಶುರುವಿನಲ್ಲೇ ನೈಜೆಲ್ ಹೆಸ್ಲಪ್ ಮೇಲೆ ಬಿದ್ದಾಗ ಬ್ಲಾಂಕೊ ತಾಳ್ಮೆಗೆಟ್ಟು ಗುದ್ದಿದರು. ನಾಯಕನಿಗೆ ತಕ್ಕ ನಡತೆ ಅದಲ್ಲ. ಅವರ ಅಭಿಮಾನಿಯಾಗಿಯೂ ನಾನು ಅದನ್ನು ಸಮರ್ಥಿಸಲಾರೆ. ಫ್ರಾನ್ಸ್ 19–10ರಿಂದ ಸೋತಿತು. ಕೋಚ್ ಡಾನಿಯೆಲ್ ದುಬ್ರೊಕಾ ಪಂದ್ಯ ಮುಗಿದ ಮೇಲೆ ರೆಫರಿಯ ಮೇಲೆ ಹರಿಹಾಯ್ದು ಹುದ್ದೆ ಕಳೆದುಕೊಂಡರು. ಬ್ಲಾಂಕೊ ಅವರ ತೊಂಬತ್ತಮೂರನೆಯ ಪಂದ್ಯ, ಅಂತರರಾಷ್ಟ್ರೀಯ ಕೊನೆಯ ಪಂದ್ಯ ಇಷ್ಟು ಕಹಿಯಾಗಿ ಮುಗಿಯಿತು.

ಕ್ಲಬ್ಬಿನ ಋಣ ಇನ್ನೂ ಉಳಿದಿತ್ತು. ಫ್ರೆಂಚ್ ಚಾಂಪಿಯನ್ನರಿಗೆ ಕೊಡುವುದು ಬ್ರೆನ್ನಸ್ ಫಲಕ, ಗುರಾಣಿಯಂತಿರುವ ಪ್ರಶಸ್ತಿ. 1992ರ ಜೂನ್ 6ರಂದು ಬಿಯಾರಿಟ್ಜ್ ಒಲಿಂಪಿಕ್ ಅರ್ಧ ಶತಮಾನದ ಬಳಿಕ ಅದರ ಹತ್ತಿರ ಬಂತು. ಎದುರಾಳಿ ಟೂಲಾನ್. 19–14. ಗೆದ್ದದ್ದು ಟೂಲಾನ್. ಬ್ಲಾಂಕೊ ಆಟಗಾರರಾಗಿ ಆ ಫಲಕವನ್ನು ಒಮ್ಮೆಯೂ ಎತ್ತಲಿಲ್ಲ. ಬೇರೆ ದೊಡ್ಡ ಕ್ಲಬ್ಬಿಗೆ ಹೋಗಿದ್ದರೆ ಎತ್ತುತ್ತಿದ್ದರೇನೋ. ಅವರು ಹೋಗಲಿಲ್ಲ.

6. ಕುರ್ಚಿಯಲ್ಲಿ ಕೂತ ಓಟಗಾರ

1995ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ ಪ್ಯಾರಿಸ್‌ನಲ್ಲಿ ಸಭೆ ಸೇರಿ ಸಂಬಳದ ಮೇಲಿನ ನಿಷೇಧವನ್ನು ತೆಗೆಯಿತು. ದಕ್ಷಿಣ ಗೋಳಾರ್ಧದಲ್ಲಿ ಟಿವಿ ಕಂಪನಿಗಳು ದೊಡ್ಡ ಮೊತ್ತ ಹಿಡಿದು ನಿಂತಿದ್ದವು. ಒಪ್ಪದಿದ್ದರೆ ಆಟಗಾರರೇ ಹೊರಟುಹೋಗುವ ಸ್ಥಿತಿ. 1998ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ರಗ್ಬಿ ಲೀಗ್ ಹುಟ್ಟಿತು. ಬ್ಲಾಂಕೊ ಅದರ ಮೊದಲ ಅಧ್ಯಕ್ಷರಾಗಿ 2008ರವರೆಗೆ ಮುಂದುವರಿದರು.

ಆ ಹತ್ತು ವರ್ಷಗಳಲ್ಲಿ ಆದ ಕೆಲಸ ಸಣ್ಣದಲ್ಲ. ಮೇಲಿನ ದರ್ಜೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕ್ಲಬ್ಬುಗಳಿದ್ದವು. ಹಂತ ಹಂತವಾಗಿ ಕಡಿಮೆಯಾಗಿ 2005ರ ಹೊತ್ತಿಗೆ ಹದಿನಾಲ್ಕಕ್ಕೆ ನಿಂತವು. ಇವತ್ತಿನ ಟಾಪ್ 14 ಎಂಬ ಹೆಸರು ಬಂದದ್ದು ಹಾಗೆ. ಕ್ಲಬ್ಬುಗಳ ಲೆಕ್ಕಪತ್ರ ತಪಾಸಣೆ, ಟಿವಿ ಹಕ್ಕು, ಆಟಗಾರರ ಒಪ್ಪಂದ ಎಲ್ಲಕ್ಕೂ ಕಟ್ಟುಪಾಡು ಬಂತು. ಇಕ್ಕಟ್ಟಿನ ಕೆಲಸ ಇದು, ಏಕೆಂದರೆ ಯಾವ ಊರನ್ನು ಮೇಲಿನ ದರ್ಜೆಯಿಂದ ಬಿಟ್ಟರೂ ಅದು ನೂರು ವರ್ಷದ ಕ್ಲಬ್ಬಿರುವ ಊರೇ ಆಗಿರುತ್ತಿತ್ತು. ಬ್ಲಾಂಕೊ ತಾವೂ ವ್ಯವಹಾರಕ್ಕೆ ಇಳಿದಿದ್ದರು: ತಮ್ಮ ಹೆಸರಿನ, 15 ಅಂಕಿಯ ಉಡುಪುಗಳ ಬ್ರ್ಯಾಂಡು, ಎಂಡಾಯ್ ಎಂಬ ಗಡಿ ಊರಿನಲ್ಲಿ ಸಮುದ್ರಸ್ನಾನ ಚಿಕಿತ್ಸೆಯ ಹೋಟೆಲು. ದುಡ್ಡಿನ ಭಾಷೆ ಅವರಿಗೆ ಅರ್ಥವಾಗುತ್ತಿತ್ತು.

ಅವರು ಲೀಗಿನ ಅಧ್ಯಕ್ಷರಾಗಿದ್ದಾಗಲೇ ಬಿಯಾರಿಟ್ಜ್ ಒಲಿಂಪಿಕ್ 2002, 2005 ಮತ್ತು 2006ರಲ್ಲಿ ಬ್ರೆನ್ನಸ್ ಫಲಕ ಗೆದ್ದಿತು. ಕ್ಯಾಪ್‌ಜೆಮಿನಿ ಕಂಪನಿಯ ಸ್ಥಾಪಕ ಸೆರ್ಜ್ ಕಾಂಪ್ಫ್ ಅವರ ಹಣದ ಬೆಂಬಲ ಕ್ಲಬ್ಬಿಗೆ ಇತ್ತು. ಹೊರಗಿನಿಂದ ಬಂದ ಉತ್ತಮ ಆಟಗಾರರಿದ್ದರು. 2006 ಮತ್ತು 2010ರಲ್ಲಿ ಯುರೋಪಿನ ಕಪ್ಪಿನ ಫೈನಲ್‌ವರೆಗೂ ಹೋಯಿತು. ಊರಿನ ಮಗನ ನಿಷ್ಠೆಯಿಂದ ಬರದ ಫಲಕ ಸಂಬಳದ ಆಟದಿಂದ ಬಂತು. ಹಳೆಯ ಕಾಲವೇ ಚೆನ್ನಿತ್ತು ಎನ್ನುವವರು ಈ ಸಂಗತಿಗೆ ಉತ್ತರ ಹೇಳಬೇಕು.

ಹೊಸ ಕಾಲವೇ ಚೆನ್ನ ಎನ್ನುವವರೂ ಮುಂದಿನದಕ್ಕೆ ಉತ್ತರ ಹೇಳಬೇಕು. ದೊಡ್ಡ ನಗರಗಳ ಕ್ಲಬ್ಬುಗಳಿಗೆ ದೊಡ್ಡ ಕ್ರೀಡಾಂಗಣ, ದೊಡ್ಡ ಧನಿಕರು ಸಿಕ್ಕಿದರು. ಸಮುದ್ರ ದಂಡೆಯ ಸಣ್ಣ ಪೇಟೆಗೆ ಆ ಓಟದಲ್ಲಿ ಸರಿಸಾಟಿಯಾಗಿ ನಿಲ್ಲಲು ಆಗಲಿಲ್ಲ. 2008ರಲ್ಲಿ ಬ್ಲಾಂಕೊ ಕ್ಲಬ್ಬಿಗೆ ಅಧ್ಯಕ್ಷರಾಗಿ ಮರಳಿದ್ದರು. ಅವರ ಕಣ್ಣೆದುರೇ 2014ರಲ್ಲಿ ಬಿಯಾರಿಟ್ಜ್ ಕೆಳದರ್ಜೆಗೆ ಇಳಿಯಿತು. ಉಳಿಯುವ ದಾರಿಯೆಂದು ಮುಂದಿಟ್ಟ, ಬದ್ಧ ಎದುರಾಳಿ ಬಯೋನ್‌ನೊಡನೆ ವಿಲೀನವಾಗುವ ಪ್ರಸ್ತಾಪ 2015ರಲ್ಲಿ ಮುರಿದುಬಿತ್ತು. ಲೆಕ್ಕಪತ್ರದ ಪ್ರಕಾರ ಅದು ಜಾಣತನವೇ ಇದ್ದಿರಬಹುದು. ಆದರೆ ತಲೆಮಾರುಗಳಿಂದ ಹಗೆ ಸಾಧಿಸಿಕೊಂಡು ಬಂದವರಿಗೆ ಒಂದೇ ಬಣ್ಣದ ಜೆರ್ಸಿ ತೊಡಿ ಎಂದು ಹೇಳುವುದು ಹೇಗೆ? ಬ್ಲಾಂಕೊ ಕಟ್ಟಿದ ಲೀಗಿನ ನಿಯಮಗಳು ಬ್ಲಾಂಕೊ ಊರಿಗೆ ರಿಯಾಯಿತಿ ಕೊಡಲಿಲ್ಲ. ಅವರು ಕೇಳಿದ್ದರೂ ಕೊಡಬಾರದಿತ್ತು. ಫ್ರೆಂಚ್ ರಗ್ಬಿ ಸಂಘದಲ್ಲಿ ಪಿಯರ್ ಕಾಮು ಅವರ ಬಣದಲ್ಲಿದ್ದ ಬ್ಲಾಂಕೊ, 2016ರ ಚುನಾವಣೆಯಲ್ಲಿ ಬರ್ನಾರ್ ಲಾಪೋರ್ಟ್ ಎದುರು ಆ ಬಣ ಸೋತಾಗ ಅಲ್ಲಿಂದಲೂ ಹೊರಬಂದರು.

7. ಉಳಿದ ಪ್ರಶ್ನೆ

ಎರಡು ಕಾಲಗಳನ್ನೂ ಇಷ್ಟು ಹತ್ತಿರದಿಂದ ಬದುಕಿದ ಇನ್ನೊಬ್ಬರು ಆ ಆಟದಲ್ಲಿ ಅಪರೂಪ. ಅವರ ಬದುಕಿನಿಂದ ಯಾವ ಕಾಲ ಮೇಲು ಎಂಬ ತೀರ್ಪನ್ನು ಹಿಂಡಿ ತೆಗೆಯಲು ನಾನು ಹೊರಟಿಲ್ಲ. ಹವ್ಯಾಸದ ಕಾಲದಲ್ಲಿ ಗಾಯಗೊಂಡ ಆಟಗಾರನಿಗೆ ಒಪ್ಪಂದದ ರಕ್ಷಣೆಯಿರಲಿಲ್ಲ. ಉದಾರ ಕಾರ್ಖಾನೆ, ಒಳ್ಳೆಯ ಊರು ಸಿಗದವನಿಗೆ ಆಟವೇ ಇರಲಿಲ್ಲ. ಸಂಬಳದ ಕಾಲ ಆಟಗಾರನ ದುಡಿಮೆಗೆ ಬೆಲೆ ಕಟ್ಟಿತು, ಮೇಜಿನ ಕೆಳಗಿನ ವ್ಯವಹಾರವನ್ನು ಮೇಜಿನ ಮೇಲೆ ತಂದಿತು. ಇದು ನ್ಯಾಯ.

ಆದರೆ ಸಂಬಳ ಬಂದಾಗ ಅಪಾಯದ ಲೆಕ್ಕವೂ ಬದಲಾಯಿತು. ತನ್ನದೇ ಗೋಲು ಗೆರೆಯ ಹಿಂದಿನಿಂದ ಓಡಿ ಚೆಂಡು ಕಳೆದುಕೊಂಡರೆ ಬ್ಲಾಂಕೊಗೆ ಆಗುತ್ತಿದ್ದ ನಷ್ಟ ಒಂದು ಪಂದ್ಯ, ಒಂದಿಷ್ಟು ಬೈಗುಳ. ಸೋಮವಾರ ಕಾರ್ಖಾನೆ ತೆರೆದೇ ಇರುತ್ತಿತ್ತು. ಇವತ್ತಿನ ಆಟಗಾರನಿಗೆ ಅದರ ಬೆಲೆ ಒಪ್ಪಂದದ ನವೀಕರಣ, ಕೋಚ್‌ಗೆ ಹುದ್ದೆ, ಕ್ಲಬ್ಬಿಗೆ ದರ್ಜೆ. ಹಾಗಾಗಿ ಎಲ್ಲರೂ ಒದೆಯುತ್ತಾರೆ. ಅವರಿಗೆ ಧೈರ್ಯವಿಲ್ಲ ಎಂದು ಬೈಯುವುದು ಸುಲಭ, ಅವರ ತಪ್ಪಿನ ಖರ್ಚನ್ನು ಹೊರುವವರು ಯಾರೆಂದು ಕೇಳುವುದು ಕಷ್ಟ.

ಈ ಸಭೆಯಲ್ಲಿ ಕ್ರೀಡಾ ಅಧ್ಯಾಪಕರಿದ್ದಾರೆ, ಕೋಟಾದಡಿ ನೌಕರಿ ಹುಡುಕುತ್ತಿರುವ ಆಟಗಾರ ವಿದ್ಯಾರ್ಥಿಗಳಿದ್ದಾರೆ. ಪದಕದ ಪಟ್ಟಿ ಹಿಡಿದು ಅನುದಾನ ಹಂಚುವ ವ್ಯವಸ್ಥೆಯಲ್ಲಿ ನೀವು ದುಡಿಯುತ್ತೀರಿ. ಮಕ್ಕಳಿಂದ ಧೈರ್ಯದ ಆಟ ಬೇಕೆಂದರೆ ಗೆದ್ದವರಿಗೆ ಕೊಡುವ ಬಹುಮಾನದ ಜೊತೆಗೆ, ಪ್ರಯತ್ನಿಸಿ ಸೋತವರಿಗೆ ಮುಂದಿನ ವರ್ಷವೂ ಹಾಸ್ಟೆಲಿನಲ್ಲಿ ಜಾಗ, ತಟ್ಟೆಯಲ್ಲಿ ಊಟ, ತಂಡದಲ್ಲಿ ಹೆಸರು ಉಳಿಯುವ ಏರ್ಪಾಡು ಮಾಡಿ. ದತ್ತಿನಿಧಿಗಳು ಮಾಡಬಹುದಾದ ಕೆಲಸವೂ ಅದೇ: ಫಲಿತಾಂಶ ಕೇಳದೆ ಕೊಡುವುದು. ಬಿಯಾರಿಟ್ಜ್ ಎಂಬ ಸಣ್ಣ ಊರು ತಂದೆಯಿಲ್ಲದ ಮಗುವೊಂದಕ್ಕೆ ಅಷ್ಟನ್ನು ಕೊಟ್ಟಿತು. 93 ಪಂದ್ಯಗಳು, 38 ಟ್ರೈಗಳು ಅದರ ಫಲ. ಬಂದ ಲಾಭ ಇಡೀ ಆಟಕ್ಕೆ.